ಹೆಚ್ಚುವ ಹುಲ್ಲು, ನೆಚ್ಚುವ ಹುಲ್ಲು



ವಿಜಯನಗರದಲ್ಲಿ ಕೃಷ್ಣದೇವರಾಯನು ಆಳುತ್ತಿದ್ದ ಕಾಲದಲ್ಲಿ, ನಿಖರವಾಗಿ ಹೇಳುವುದಾದರೆ 1517ನೆಯ ಇಸವಿಯಲ್ಲಿ, ಸ್ವಿಟ್ಜರ್ಲೆಂಡಿನ ವಲೇ ಪ್ರಾಂತದ ಕಡಿದಾದ ಬೆಟ್ಟದ ಓರೆಗೆ ಅಂಟಿಕೊಂಡಂತಿರುವ ಟೋರ್ಬೆಲ್ ಎಂಬ ಹಳ್ಳಿಯ ರೈತರು ಒಂದು ಕಟ್ಟಳೆಯನ್ನು ಬರೆದಿಟ್ಟುಕೊಂಡರು. ಅದರ ತಾತ್ಪರ್ಯ ಇಷ್ಟೇ: ಊರಿನ ಯಾವ ಗೃಹಸ್ಥನೇ ಆಗಲಿ, ಚಳಿಗಾಲದಲ್ಲಿ ತನ್ನ ಕೊಟ್ಟಿಗೆಯಲ್ಲಿ ಎಷ್ಟು ಹಸುಗಳಿಗೆ ಮೇವು ಹಾಕಿ ಸಾಕಬಲ್ಲನೋ ಅಷ್ಟನ್ನು ಮಾತ್ರ ಬೇಸಗೆಯಲ್ಲಿ ಬೆಟ್ಟದ ಮೇಲಿನ ಊರೊಟ್ಟಿನ ಹುಲ್ಲುಗಾವಲಿಗೆ ಹತ್ತಿಸತಕ್ಕದ್ದು, ಅದನ್ನು ಮೀರಿ ಒಂದು ಹಸುವನ್ನೂ ಕಳುಹಿಸಕೂಡದು. ಹಸುಗಳು ಬೆಟ್ಟ ಹತ್ತಿದೊಡನೆಯೇ ಅವುಗಳ ಎಣಿಕೆ ನಡೆಯುತ್ತಿತ್ತು. ತಪ್ಪಿದವನಿಗೆ ದಂಡ ಹಾಕುವ ಅಧಿಕಾರವುಳ್ಳ ಒಬ್ಬ ಊರ ಅಧಿಕಾರಿಯಿದ್ದನು. ವಸೂಲಾದ ದಂಡದಲ್ಲಿ ಅರ್ಧ ಅವನಿಗೇ ಸಲ್ಲುತ್ತಿದ್ದುದರಿಂದ ಅವನ ಕಣ್ಣು ಎಂದೂ ಮಂಜಾಗುತ್ತಿರಲಿಲ್ಲ.

ಮೇಲುನೋಟಕ್ಕೆ ಇದು ಊರ ಜಗಳವನ್ನು ತಪ್ಪಿಸಲು ಹಿರಿಯರು ಹೂಡಿದ ಒಂದು ಉಪಾಯವೆಂದು ತೋರಬಹುದು. ಆದರೆ ಇಂದು ಆಲ್ಪ್ಸ್ ಪರ್ವತಗಳಲ್ಲಿಯೂ ಟಿಬೆಟ್ಟಿನ ಪ್ರಸ್ಥಭೂಮಿಯಲ್ಲಿಯೂ ಅಳತೆಯ ಚೌಕಟ್ಟುಗಳನ್ನು ನೆಲದ ಮೇಲಿಟ್ಟು, ಅದರೊಳಗಿನ ಹುಲ್ಲನ್ನು ಕತ್ತರಿಸಿ ಒಣಗಿಸಿ ತೂಗಿ ನೋಡುತ್ತಿರುವ ಸಸ್ಯವಿಜ್ಞಾನಿಗಳು ಯಾವ ಪ್ರಶ್ನೆಗೆ ಉತ್ತರವನ್ನರಸುತ್ತಿರುವರೋ, ಆ ಉತ್ತರದ ಅರ್ಧಭಾಗವು ಈ ಹಳೆಯ ಕಟ್ಟಳೆಯಲ್ಲಿ ಅಡಗಿದೆ. ಮರಗಳು ಬೆಳೆಯಲಾರದಷ್ಟು ಎತ್ತರದ ಪರ್ವತಶಾದ್ವಲಗಳು ವರ್ಷವರ್ಷವೂ ಏರುಪೇರಿಲ್ಲದೆ ಮೇವನ್ನು ಕೊಡುತ್ತ ಬರಬೇಕಾದರೆ ಮನುಷ್ಯನು ಅಲ್ಲಿ ಏನನ್ನು ಮಾಡಬೇಕು, ಏನನ್ನು ಮಾಡದೆ ಬಿಡಬೇಕು ಎಂಬುದೇ ಆ ಪ್ರಶ್ನೆ. ಈ ಹೊತ್ತಿನ ನನ್ನ ಮಾತೂ ಅದನ್ನು ಕುರಿತದ್ದೇ.

ಮೊದಲು ಒಂದು ಸಣ್ಣ ಲೆಕ್ಕ. ಎರಡು ಹುಲ್ಲುಗಾವಲುಗಳನ್ನು ಕಲ್ಪಿಸಿಕೊಳ್ಳಿ. ಮೊದಲನೆಯದು ಐದು ವರ್ಷಗಳಲ್ಲಿ ಅನುಕ್ರಮವಾಗಿ 20, 18, 21, 19, 22 ಹೊರೆ ಹುಲ್ಲನ್ನು ಕೊಟ್ಟಿತು. ಎರಡನೆಯದು 40, 12, 35, 8, 30 ಹೊರೆಗಳನ್ನು ಕೊಟ್ಟಿತು. ಸರಾಸರಿ ತೆಗೆದರೆ ಮೊದಲನೆಯದರದು 20, ಎರಡನೆಯದರದು 25. ಲೆಕ್ಕದ ಪುಸ್ತಕವನ್ನಷ್ಟೇ ನೋಡುವವನು ಎರಡನೆಯದನ್ನೇ ಮೆಚ್ಚುವನು. ಹಸು ಕಟ್ಟಿದವನು ಮಾತ್ರ ಮೊದಲನೆಯದರ ಕಡೆಗೆ ನಡೆಯುವನು. ಏತಕ್ಕೆಂದರೆ ಹಸುವು ಸರಾಸರಿಯನ್ನು ಮೇಯುವುದಿಲ್ಲ. ಆಯಾ ವರ್ಷ ನೆಲದ ಮೇಲೆ ಇರುವುದನ್ನು ಮೇಯುತ್ತದೆ. ಎಂಟೇ ಹೊರೆ ಬಂದ ವರ್ಷದಲ್ಲಿ ನಲವತ್ತು ಹೊರೆಯ ವರ್ಷವನ್ನು ನೆನೆದುಕೊಂಡು ಅದರ ಹೊಟ್ಟೆ ತುಂಬುವುದುಂಟೆ? ವಿಜ್ಞಾನಿಗಳು ಸರಾಸರಿ ಇಳುವರಿಯನ್ನು ಅದರ ಏರಿಳಿತದ ಪ್ರಮಾಣದಿಂದ ಭಾಗಿಸಿ, ಬಂದ ಭಾಗಲಬ್ಧವನ್ನು ‘ಸ್ಥೈರ್ಯ’ವೆಂದು ಕರೆಯುತ್ತಾರೆ. ಆ ಪ್ರಕಾರ ಮೊದಲನೆಯದರ ಸ್ಥೈರ್ಯ ಸುಮಾರು 14, ಎರಡನೆಯದರದು ಸುಮಾರು 2. ಹೆಚ್ಚುವ ಹುಲ್ಲು ಬೇರೆ, ನೆಚ್ಚುವ ಹುಲ್ಲು ಬೇರೆ. ಒಂದನ್ನು ಬೆನ್ನಟ್ಟಿದವನಿಗೆ ಎರಡೂ ದೊರಕುವುದೆಂಬ ನಿಯಮವಿಲ್ಲ. ಎತ್ತರದ ಬೆಟ್ಟಗಳಲ್ಲಂತೂ ಒಂದನ್ನು ಹಿಡಿಯಹೋಗಿ ಇನ್ನೊಂದನ್ನು ಕಳೆದುಕೊಳ್ಳುವುದೇ ವಾಡಿಕೆ.

ಬಯಲುಸೀಮೆಯ ಹುಲ್ಲುಗಾವಲಿಗೂ ಪರ್ವತದ ಹುಲ್ಲುಗಾವಲಿಗೂ ಇರುವ ಅಂತರವನ್ನು ಇಲ್ಲಿ ನಾವು ಮನಸ್ಸಿಗೆ ತಂದುಕೊಳ್ಳಬೇಕು. ಸ್ವಿಟ್ಜರ್ಲೆಂಡಿನ ದನಗಾಹಿಗಳ ಬಾಯಲ್ಲಿ ‘ಆಲ್ಪ್’ ಎಂದರೆ ಹಿಮದ ಶಿಖರವಲ್ಲ. ಬೇಸಗೆಯಲ್ಲಿ ದನಗಳು ಮೇಯುವ ಎತ್ತರದ ಹುಲ್ಲುನೆಲ. ಅಲ್ಲಿ ಹಿಮ ಕರಗುವುದು ಜೂನ್ ತಿಂಗಳಿನ ಸುಮಾರಿಗೆ. ಸೆಪ್ಟೆಂಬರಿನಲ್ಲಿ ಮತ್ತೆ ಹಿಮ ಇಣುಕುತ್ತದೆ. ಈ ಮೂರು ತಿಂಗಳ ಅವಧಿಯಲ್ಲಿಯೇ ಗಿಡವು ಚಿಗುರಬೇಕು, ಹೂ ಬಿಡಬೇಕು, ಬೀಜ ಕಟ್ಟಬೇಕು, ಮುಂದಿನ ವರ್ಷಕ್ಕೆ ಬೇರಿನಲ್ಲಿ ಬುತ್ತಿಯನ್ನೂ ಕೂಡಿಡಬೇಕು. ಆದುದರಿಂದಲೇ ಅಲ್ಲಿಯ ಸಸ್ಯಗಳ ಸಂಪತ್ತು ಬಹುಮಟ್ಟಿಗೆ ನೆಲದೊಳಗಿರುತ್ತದೆ. ಕಣ್ಣಿಗೆ ಕಾಣುವ ಹಸುರಿಗಿಂತ ಹಲವು ಮಡಿ ತೂಕದ ಬೇರುಗಳು ಮಣ್ಣನ್ನು ಹೆಣೆದುಕೊಂಡಿರುತ್ತವೆ. ಬೀಜದಿಂದ ಹುಟ್ಟಿ ದೊಡ್ಡದಾಗುವುದು ಅಲ್ಲಿ ಅಪರೂಪ. ಬುಡದಿಂದಲೇ ಕವಲೊಡೆದು ಮೆಲ್ಲಮೆಲ್ಲನೆ ಹರಡುವುದೇ ರೂಢಿ.

ಈ ನಿಧಾನಗತಿಗೆ ಒಂದು ನಿದರ್ಶನವನ್ನು ಹತ್ತಿರದಿಂದ ನೋಡೋಣ. ನಮ್ಮ ಹೊಲಗಳಲ್ಲಿ ಕಾಟ ಕೊಡುವ ಕೊನ್ನಾರಿಯ ಕುಟುಂಬಕ್ಕೇ ಸೇರಿದ ‘ಕೇರೆಕ್ಸ್ ಕರ್ವ್ಯುಲಾ’ ಎಂಬ ಒಂದು ಸಸ್ಯವು ಆಲ್ಪ್ಸ್ ಪರ್ವತದ ಎತ್ತರದ ಓರೆಗಳಲ್ಲಿ ಕಂದುಬಣ್ಣದ ಸುರುಳಿತುದಿಯ ಎಲೆಗಳಿಂದ ನೆಲವನ್ನು ಮುಚ್ಚಿರುತ್ತದೆ. ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಅದರ ಒಂದು ಪೊದೆಯನ್ನು ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದ ವಿವರ ಹೀಗಿದೆ: ಅಡ್ಡಳತೆಯಲ್ಲಿ ಒಂದೂವರೆ ಮೀಟರಿಗೆ ತುಸು ಹೆಚ್ಚಿದ್ದ ಆ ಪೊದೆಯಲ್ಲಿ 7,000ಕ್ಕೂ ಮಿಕ್ಕಿ ಮೊಳಕೆಗಳಿದ್ದರೂ ಅವೆಲ್ಲವೂ ಒಂದೇ ಬೀಜದ ಸಂತಾನ, ಅದು ಹೊರಮುಖವಾಗಿ ಹರಡುವ ವೇಗ ವರ್ಷಕ್ಕೆ ಸುಮಾರು 0.4 ಮಿಲಿಮೀಟರು. ನಡುವಿನಿಂದ ಅಂಚಿನವರೆಗಿನ ಸುಮಾರು 800 ಮಿಲಿಮೀಟರನ್ನು ಈ ವೇಗದಿಂದ ಭಾಗಿಸಿದರೆ ಅದರ ವಯಸ್ಸು ತಿಳಿಯುತ್ತದೆ: ಸುಮಾರು ಎರಡು ಸಾವಿರ ವರ್ಷ. ಮಂಡಿಯೂರಿ ಕುಳಿತು ಎರಡು ಕೈಗಳನ್ನು ಚಾಚಿದರೆ ಅಪ್ಪಿಕೊಳ್ಳಬಹುದಾದ ಆ ಹುಲ್ಲಿನ ಮೆದೆಯು ಮೊಳೆತದ್ದು ಶಾತವಾಹನರು ದಖ್ಖನ್ನನ್ನು ಆಳುತ್ತಿದ್ದ ಕಾಲದಲ್ಲಿ! ಇಂಥದೊಂದರ ಮೇಲೆ ದನಗಳ ಮಂದೆ ನಾಲ್ಕು ದಿನ ಹೆಚ್ಚಿಗೆ ನಿಂತು ಗೊರಸಿನಿಂದ ತುಳಿದು ಕಿತ್ತುಹಾಕಿದರೆ, ಕಳೆದುಹೋದದ್ದನ್ನು ಮರಳಿ ಪಡೆಯಲು ಎಷ್ಟು ತಲೆಮಾರುಗಳು ಕಾಯಬೇಕೆಂಬುದನ್ನು ತಾವೇ ಊಹಿಸಬಹುದು.

ಇನ್ನು ಹುಲ್ಲುಗಾವಲಿಗೆ ಸ್ಥೈರ್ಯವು ಎಲ್ಲಿಂದ ಬರುತ್ತದೆಂಬುದನ್ನು ವಿಚಾರಿಸೋಣ. ನಮ್ಮ ಮೈಸೂರು ಸೀಮೆಯ ರೈತನು ಇದನ್ನು ಅರ್ಥಮಾಡಿಕೊಳ್ಳಲು ಪುಸ್ತಕಕ್ಕೆ ಮೊರೆಹೋಗಬೇಕಾಗಿಲ್ಲ; ಅವನ ರಾಗಿಯ ಹೊಲದ ಅಕ್ಕಡಿ ಸಾಲೇ ಸಾಕು. ರಾಗಿಯ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳುಗಳ ಸಾಲನ್ನು ಅವನು ಹಾಕುವುದು ಚೆಲುವಿಗಾಗಿ ಅಲ್ಲ. ಮುಂಗಾರು ಕೈಕೊಟ್ಟು ರಾಗಿ ಸೊರಗಿದರೆ ಹಿಂಗಾರಿನ ಇಬ್ಬನಿಗೆ ಅವರೆಯಾದರೂ ಕೈಹಿಡಿಯಲಿ ಎಂಬ ದೂರಾಲೋಚನೆಯಿಂದ. ಹತ್ತಾರು ಬಗೆಯ ಗಿಡಗಳು ಬೆರೆತು ಬೆಳೆಯುವ ಪರ್ವತದ ಹುಲ್ಲುನೆಲವೂ ಒಂದು ಅಕ್ಕಡಿಯೇ ಸರಿ. ಹಿಮ ಬೇಗ ಕರಗಿದ ವರ್ಷ ಒಂದು ಜಾತಿ ಮುಂದಾಗುತ್ತದೆ, ತಡವಾದ ವರ್ಷ ಇನ್ನೊಂದು. ಮಳೆ ಕಡಮೆಯಾದರೆ ಆಳವಾದ ಬೇರಿನದು ತಾಳಿಕೊಳ್ಳುತ್ತದೆ, ಹೆಚ್ಚಾದರೆ ಅಗಲ ಎಲೆಯದು ಹಿಗ್ಗುತ್ತದೆ. ಎಲ್ಲವೂ ಒಂದೇ ತಾಳಕ್ಕೆ ಏರಿ ಇಳಿಯದೆ, ಒಂದು ಇಳಿದಾಗ ಮತ್ತೊಂದು ಏರುವುದರಿಂದ ಒಟ್ಟು ತೂಕ ಹೆಚ್ಚು ಅಲುಗಾಡುವುದಿಲ್ಲ. ಅಮೆರಿಕೆಯ ಡೇವಿಡ್ ಟಿಲ್ಮನ್ ಮತ್ತು ಜಾನ್ ಡೌನಿಂಗ್ ಎಂಬ ವಿಜ್ಞಾನಿಗಳು ಮಿನೆಸೋಟಾ ಪ್ರಾಂತದ ಬಯಲು ಹುಲ್ಲುಗಾವಲಿನಲ್ಲಿ, 1988ರ ಘೋರವಾದ ಅನಾವೃಷ್ಟಿಯ ಪರಿಣಾಮವನ್ನು ಅಳೆದು, ಹೆಚ್ಚು ಜಾತಿಯ ಗಿಡಗಳಿದ್ದ ತಾಕುಗಳೇ ಬರವನ್ನು ಮೇಲಾಗಿ ತಡೆದುಕೊಂಡವೆಂದು 1994ರಲ್ಲಿ ತೋರಿಸಿಕೊಟ್ಟರು.

ಪರ್ವತದಲ್ಲಿ ಇದರ ಜೊತೆಗೆ ಎರಡನೆಯದೊಂದು ಆಧಾರಸ್ತಂಭವೂ ಉಂಟು. ಊರಿನಲ್ಲಿ ನೂರು ಜನರಿದ್ದರೂ ಭಾರ ಹೊರುವ ಮನೆಗಳು ನಾಲ್ಕೇ ಇರುವಂತೆ, ಅಲ್ಲಿಯ ಸಸ್ಯಸಮಾಜದಲ್ಲಿಯೂ ಒಂದೆರಡು ಪ್ರಧಾನ ಜಾತಿಗಳು ಬಹುಭಾಗದ ನೆಲವನ್ನು ಆವರಿಸಿಕೊಂಡಿರುತ್ತವೆ. ನಾನು ಈಗ ತಾನೆ ಹೇಳಿದ ಕೇರೆಕ್ಸ್ ಅಂಥದೊಂದು. ಅದು ಒಳ್ಳೆಯ ವರ್ಷದಲ್ಲಿ ಕುಣಿಯುವುದಿಲ್ಲ, ಕೆಟ್ಟ ವರ್ಷದಲ್ಲಿ ಕುಸಿಯುವುದಿಲ್ಲ. ಹೀಗೆ ಹಲವು ಜಾತಿಗಳ ಪರಸ್ಪರ ಪೂರೈಕೆ ಒಂದು, ಪ್ರಧಾನ ಜಾತಿಗಳ ತಾಳ್ಮೆ ಇನ್ನೊಂದು, ಈ ಎರಡು ಕಂಬಗಳ ಮೇಲೆ ಪರ್ವತದ ಹುಲ್ಲುಗಾವಲು ನಿಂತಿದೆ. ಮನುಷ್ಯನು ಅಲ್ಲಿ ಮಾಡುವ ಪ್ರತಿಯೊಂದು ಕೆಲಸವೂ, ಮೇಯಿಸುವುದಾಗಲಿ, ಕೊಯ್ಯುವುದಾಗಲಿ, ಗೊಬ್ಬರ ಹಾಕುವುದಾಗಲಿ, ಕೊನೆಗೆ ಏನನ್ನೂ ಮಾಡದೆ ಬಿಟ್ಟುಬಿಡುವುದಾಗಲಿ, ಈ ಕಂಬಗಳಲ್ಲಿ ಒಂದನ್ನು ಭದ್ರಪಡಿಸುತ್ತದೆ, ಇಲ್ಲವೆ ಅಲುಗಿಸುತ್ತದೆ.

ಗೊಬ್ಬರದಿಂದ ತೊಡಗೋಣ. ಬಡಮಣ್ಣಿಗೆ ಗೊಬ್ಬರ ಹಾಕಿದರೆ ಫಸಲು ಹೆಚ್ಚುವುದು ಎಲ್ಲರೂ ಬಲ್ಲ ಮಾತು. ಆದರೆ ಹೆಚ್ಚುವ ರೀತಿಯನ್ನು ಗಮನಿಸಬೇಕು. ಸಾರವು ಸಿಕ್ಕೊಡನೆ ಬೇಗ ಬೆಳೆಯುವ ಎತ್ತರದ ಹುಲ್ಲುಗಳು ಮುನ್ನುಗ್ಗಿ, ಬೆಳಕನ್ನೆಲ್ಲ ತಾವೇ ಕುಡಿದು, ಕೆಳಗಿನ ಕುಳ್ಳು ಗಿಡಗಳನ್ನು ನೆರಳಿನಲ್ಲಿ ಸಾಯಗೊಡುತ್ತವೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ಡಿನಲ್ಲಿ 1856ರಿಂದ ಇಂದಿನವರೆಗೂ ನಡೆದುಬಂದಿರುವ ಹುಲ್ಲುಗಾವಲಿನ ಪ್ರಯೋಗವು ಪರ್ವತದ್ದಲ್ಲವಾದರೂ ಈ ಮಾತಿಗೆ ದೊಡ್ಡ ಸಾಕ್ಷಿ: ಗೊಬ್ಬರ ಕಾಣದ ತಾಕುಗಳಲ್ಲಿ ಮೂವತ್ತಕ್ಕೂ ಹೆಚ್ಚು ಜಾತಿಗಳು ಬಾಳುತ್ತಿದ್ದರೆ, ಅಮೋನಿಯಂ ಸಲ್ಫೇಟನ್ನು ಸತತವಾಗಿ ಉಂಡ ಕೆಲವು ತಾಕುಗಳಲ್ಲಿ ಉಳಿದಿರುವುದು ಎರಡು ಮೂರು ಮಾತ್ರ. ಉಳಿದವು ಒಂದೇ ಸ್ವಭಾವದವಾದುದರಿಂದ ಏರಿದರೆ ಒಟ್ಟಿಗೆ ಏರುತ್ತವೆ, ಬಿದ್ದರೆ ಒಟ್ಟಿಗೆ ಬೀಳುತ್ತವೆ. ನಾನು ಮೊದಲು ಹೇಳಿದ 40, 12, 35, 8ರ ಲೆಕ್ಕ ಹುಟ್ಟುವುದು ಹೀಗೆಯೇ.

ಪರ್ವತದ ಮಣ್ಣಿಗೆ ಇನ್ನೊಂದು ಗುಣವುಂಟು. ಅದು ಏನನ್ನೂ ಬೇಗ ಮರೆಯುವುದಿಲ್ಲ. ಇಂಟರ್‌ಲಾಕೆನ್ ಪಟ್ಟಣದ ಮೇಲಿರುವ ಶೀನಿಗೆ ಪ್ಲಾಟೆ ಎಂಬ ಬೆಟ್ಟದ ಮೇಲೆ, ಸುಮಾರು 2,000 ಮೀಟರ್ ಎತ್ತರದಲ್ಲಿ, ವೆರ್ನರ್ ಲ್ಯೂಡಿ ಎಂಬ ಸಸ್ಯಶಾಸ್ತ್ರಜ್ಞನು 1930ರ ಸುಮಾರಿನಲ್ಲಿ ಒಂದು ಪ್ರಯೋಗವನ್ನು ಹೂಡಿದನು. ಅಲ್ಲಿ ‘ನಾರ್ಡಸ್’ ಎಂಬ ಹುಲ್ಲು ನೆಲವನ್ನು ಮುತ್ತಿತ್ತು. ಬ್ರಷ್ಷಿನ ಕೂದಲಿನಂತೆ ಬಿರುಸಾದ ಅದರ ಎಲೆಗಳನ್ನು ಎಳೆಯದರಲ್ಲಿ ಬಿಟ್ಟರೆ ಹಸುಗಳು ಮೂಸಿಯೂ ನೋಡುವುದಿಲ್ಲ. ಹುಳಿಮಣ್ಣಿನಲ್ಲಿ ಚೆನ್ನಾಗಿ ಬೆಳೆಯುವ ಈ ಹುಲ್ಲನ್ನು ಹಿಂದಕ್ಕೆ ಸರಿಸಿ ಒಳ್ಳೆಯ ಮೇವನ್ನು ತರಬಹುದೇ ಎಂದು ನೋಡಲು ಲ್ಯೂಡಿಯು ಕೆಲವು ತಾಕುಗಳಿಗೆ ಸುಣ್ಣವನ್ನೂ ಕೆಲವಕ್ಕೆ ಗೊಬ್ಬರಗಳನ್ನೂ ಕೆಲವೇ ವರ್ಷ ಹಾಕಿಸಿ ನಿಲ್ಲಿಸಿದನು. ಸುಮಾರು ಎಪ್ಪತ್ತು ವರ್ಷಗಳ ತರುವಾಯ ಬೇರೆ ವಿಜ್ಞಾನಿಗಳು ಆ ತಾಕುಗಳನ್ನು ಮತ್ತೆ ಪರೀಕ್ಷಿಸಿದಾಗ, ಸುಣ್ಣ ಕಂಡ ತಾಕುಗಳ ಸಸ್ಯಸಮೂಹವೂ ಮಣ್ಣಿನ ಸೂಕ್ಷ್ಮಜೀವಿಗಳೂ ಪಕ್ಕದ ತಾಕುಗಳಿಗಿಂತ ಇನ್ನೂ ಭಿನ್ನವಾಗಿಯೇ ಇದ್ದವು. ಹಾಕಿದವನು ಹೋಗಿದ್ದನು, ಹಾಕಿದ ಸುಣ್ಣದ ನೆನಪು ನೆಲದಲ್ಲಿ ಉಳಿದಿತ್ತು. ಬಯಲಿನ ಗದ್ದೆಯಲ್ಲಿ ಈ ವರ್ಷ ಮಾಡಿದ ತಪ್ಪನ್ನು ಮುಂದಿನ ವರ್ಷ ತಿದ್ದಿಕೊಳ್ಳಬಹುದು. ಪರ್ವತದಲ್ಲಿ ಅಜ್ಜನ ತಪ್ಪನ್ನು ಮೊಮ್ಮಗನು ಅನುಭವಿಸಬೇಕಾಗುತ್ತದೆ.

ಚೀಲದಲ್ಲಿ ಹೊತ್ತು ತಂದ ಗೊಬ್ಬರಕ್ಕಿಂತ ಹೆಚ್ಚಿನ ಕೆಲಸವನ್ನು ಮಾಡುವುದು ದನಗಳೇ ಹೊತ್ತು ತಿರುಗುವ ಗೊಬ್ಬರ. ಹಗಲೆಲ್ಲ ಓರೆಯಲ್ಲಿ ಮೇಯುವ ಹಸು ಮೆಲುಕುಹಾಕಲು ಮಟ್ಟಸವಾದ ಜಾಗವನ್ನು ಹುಡುಕಿಕೊಂಡು ಬಂದು ಮಲಗುತ್ತದೆ. ಸೆಗಣಿ ಗಂಜಳಗಳು ಬೀಳುವುದು ಅಲ್ಲಿ. ಹೀಗೆ ಪ್ರತಿದಿನವೂ ಓರೆಯ ಸಾರವನ್ನು ಮಟ್ಟಸಕ್ಕೆ ಸಾಗಿಸುವ ಕೂಲಿಯಿಲ್ಲದ ಸಾಗಣೆ ನಡೆಯುತ್ತಲೇ ಇರುತ್ತದೆ. ತಡೆಯುವವರಿಲ್ಲದಿದ್ದರೆ ಕೆಲಕಾಲದಲ್ಲಿ ಓರೆಯು ಬಡವಾಗಿ ನಾರ್ಡಸ್ಸಿನ ಪಾಲಾಗುತ್ತದೆ; ಮಟ್ಟಸವು ಅಜೀರ್ಣವಾಗುವಷ್ಟು ಉಂಡು, ನಮ್ಮ ಚುಕ್ಕೆ ಸೊಪ್ಪಿನ ಬಳಗಕ್ಕೆ ಸೇರಿದ ‘ರೂಮೆಕ್ಸ್’ ಎಂಬ ಅಗಲ ಎಲೆಯ ಗಿಡದಿಂದ ತುಂಬಿಹೋಗುತ್ತದೆ. ಈ ರೂಮೆಕ್ಸನ್ನು ಹಸುಗಳು ಒಲ್ಲವು. ಹಿಂದಿನ ಕಾಲದ ಜಾಣ ಗೃಹಿಣಿಯರು ಅದರ ಎಲೆಗಳನ್ನು ಬೇಯಿಸಿ ಹುಳಿಬರಿಸಿ ಹಂದಿಗಳಿಗೆ ಮೇವಾಗಿ ಕೂಡಿಡುತ್ತಿದ್ದರು. ಈಗ ಆ ಉಪಯೋಗವೂ ನಿಂತಿದೆ. ದನಗಳು ಅಲ್ಲಿಗೆ ಬರುವುದನ್ನು ಬಿಟ್ಟು ಹಲವು ದಶಕಗಳಾದರೂ ಹಳೆಯ ಮಂದೆಯ ಜಾಗವೆಲ್ಲಿತ್ತೆಂಬುದನ್ನು ಆ ಹಸುರು ತೇಪೆಯೇ ಸಾರಿ ಹೇಳುತ್ತಿರುತ್ತದೆ. ನಮ್ಮಲ್ಲಿ ರೈತರು ಹೊಲದಲ್ಲಿ ಕುರಿಮಂದೆಯನ್ನು ನಿಲ್ಲಿಸುವಾಗ ಒಂದೊಂದು ರಾತ್ರಿ ಒಂದೊಂದು ಮೂಲೆಗೆ ಸರಿಸುತ್ತ ಹೋಗುವುದು ತಮಗೆ ತಿಳಿದೇ ಇದೆ. ಬಲ್ಲ ದನಗಾಹಿಯು ಆಲ್ಪ್ಸಿನಲ್ಲಿಯೂ ಹೀಗೆಯೇ ಮಂದೆಯನ್ನು ಜಾಗದಿಂದ ಜಾಗಕ್ಕೆ ನಡೆಸುವನು. ದನ ಕಾಯುವುದೆಂದರೆ ಅಲ್ಲಿ ದನಗಳನ್ನಷ್ಟೇ ಕಾಯುವುದಲ್ಲ, ಸೆಗಣಿಯನ್ನೂ ಸಮನಾಗಿ ಹಂಚುವುದು.

ಹಾಗಾದರೆ ಇಷ್ಟೆಲ್ಲ ತೊಡಕೇಕೆ, ದನಗಳನ್ನೂ ಮನುಷ್ಯರನ್ನೂ ಒಟ್ಟಿಗೆ ಹೊರಗಟ್ಟಿ ಬೆಟ್ಟವನ್ನು ಅದರ ಪಾಡಿಗೆ ಬಿಟ್ಟುಬಿಟ್ಟರಾಗದೆ ಎಂದು ಕೆಲವರು ಕೇಳಬಹುದು. ಮರಗಳ ಮೇರೆಯಿಂದ ಬಹಳ ಮೇಲಿರುವ, ಎಂದೂ ದನ ಕಾಣದ ಎತ್ತರಗಳಲ್ಲಿ ಅದು ಸರಿಯೆ. ಆದರೆ ಶತಮಾನಗಳಿಂದ ಮೇಯಿಸಿಕೊಂಡು, ಕೊಯ್ಯಿಸಿಕೊಂಡು ಬಂದ ನೆಲದ ಪ್ರಕೃತಿಯೇ ಬೇರೆ. ಅಲ್ಲಿಯ ಸಸ್ಯಸಮಾಜವು ಹಲ್ಲಿಗೂ ಕುಡುಗೋಲಿಗೂ ಒಗ್ಗಿಕೊಂಡೇ ರೂಪುಗೊಂಡದ್ದು. ಸ್ವಿಟ್ಜರ್ಲೆಂಡಿನ ಊರಿ ಪ್ರಾಂತದಲ್ಲಿ ಹಸುಗಳೂ ಏರಲಾರದ ಕಡಿದಾದ ಓರೆಗಳ ಹುಲ್ಲನ್ನು ಮೊಳೆ ಹೊಡೆದ ಪಾದರಕ್ಷೆಗಳನ್ನು ಮೆಟ್ಟಿದ ರೈತರು ಉದ್ದ ಹಿಡಿಯ ಕುಡುಗೋಲಿನಿಂದ ಕೊಯ್ದು, ಹೊರೆಗಳನ್ನು ತಂತಿಗೆ ತೂಗುಹಾಕಿ ಕಣಿವೆಗೆ ಜಾರಿಬಿಡುವ ಪದ್ಧತಿಯುಂಟು. ಈ ಹುಲ್ಲನ್ನು ಕೊಯ್ಯದೆ ಬಿಟ್ಟರೆ ಅದು ಉದ್ದವಾಗಿ ಬೆಳೆದು ಕೆಳಮುಖವಾಗಿ ಮಲಗುತ್ತದೆ; ಚಳಿಗಾಲದ ಹಿಮವು ಬಾಚಿದ ತಲೆಯ ಮೇಲಿನ ಎಣ್ಣೆಯಂತೆ ಅದರ ಮೇಲೆ ಜಾರುತ್ತ, ಜಾರುವಾಗ ಹುಲ್ಲಿನ ಬುಡವನ್ನೂ ಮಣ್ಣನ್ನೂ ಕಿತ್ತುಕೊಂಡು ಹೋಗುತ್ತದೆ. ತುಸು ಕೆಳಗಿನ ಓರೆಗಳಲ್ಲಿ ಮೇಯಿಸುವುದನ್ನು ನಿಲ್ಲಿಸಿದಲ್ಲೆಲ್ಲ ಹಸುರು ಆಲ್ಡರ್ ಎಂಬ ಪೊದೆಯು ಹಬ್ಬುತ್ತಿದೆ. ದ್ವಿದಳ ಸಸ್ಯಗಳಂತೆ ಬೇರಿನ ಗಂಟುಗಳಲ್ಲಿ ಸೂಕ್ಷ್ಮಜೀವಿಗಳನ್ನು ಸಾಕಿಕೊಂಡು ಗಾಳಿಯ ಸಾರಜನಕವನ್ನು ಹಿಡಿಯುವ ಇದು, ಯಾರೂ ಗೊಬ್ಬರ ಹಾಕದೆಯೇ ನೆಲಕ್ಕೆ ಅತಿಯಾದ ಗೊಬ್ಬರವನ್ನು ಉಣಿಸುತ್ತದೆ. ಅದರ ನೆರಳಿನಲ್ಲಿ ಹತ್ತಾರು ಜಾತಿಯ ಹೂಹುಲ್ಲುಗಳು ಅಳಿಯುತ್ತವೆ. ಬಿಟ್ಟುಬಿಡುವುದೂ ಒಂದು ಬಗೆಯ ಆಡಳಿತವೇ. ಅದರ ಫಲವನ್ನೂ ಯಾರಾದರೂ ಉಣ್ಣಲೇಬೇಕು.

ನಮ್ಮ ದೇಶದಲ್ಲಿಯೂ ಇದಕ್ಕೊಂದು ಉದಾಹರಣೆಯುಂಟು. ಈಗಿನ ಉತ್ತರಾಖಂಡದ ಚಮೋಲಿ ಜಿಲ್ಲೆಯ ಭ್ಯೂಂದಾರ್ ಕಣಿವೆಯನ್ನು 1931ರಲ್ಲಿ ಕಾಮೆಟ್ ಶಿಖರವನ್ನೇರಿ ಹಿಂದಿರುಗುತ್ತಿದ್ದ ಫ್ರಾಂಕ್ ಸ್ಮೈತ್ ಎಂಬ ಆಂಗ್ಲ ಪರ್ವತಾರೋಹಿಯು ಕಂಡು ಬೆರಗಾದನು. ಅವನು 1938ರಲ್ಲಿ ಬರೆದ ಪುಸ್ತಕದಿಂದ ಅದು ‘ಹೂಗಳ ಕಣಿವೆ’ಯೆಂದು ಲೋಕಪ್ರಸಿದ್ಧವಾಯಿತು. ಹಿಮಾಲಯದವರು ಇಂಥ ಎತ್ತರದ ಹುಲ್ಲುನೆಲಗಳನ್ನು ಬುಗ್ಯಾಲ್‌ಗಳೆಂದು ಕರೆಯುತ್ತಾರೆ. ಸ್ಮೈತನು ಕಂಡ ಆ ಹೂಗಳ ನಡುವೆ ಸುತ್ತಲಿನ ಹಳ್ಳಿಗಳವರ ಕುರಿಮೇಕೆಗಳೂ ಬೇಸಗೆಯಲ್ಲಿ ಮೇಯುತ್ತಿದ್ದವು. 1982ರಲ್ಲಿ ಕಣಿವೆಯು ರಾಷ್ಟ್ರೀಯ ಉದ್ಯಾನವಾಯಿತು, ಮೇಯಿಸುವುದು ನಿಷಿದ್ಧವಾಯಿತು. ಅನಂತರದ ವರ್ಷಗಳಲ್ಲಿ ‘ಪಾಲಿಗೋನಮ್’ ಎಂಬ, ಆಳೆತ್ತರಕ್ಕೆ ಒತ್ತಾಗಿ ಬೆಳೆಯುವ ಗಿಡವೊಂದು ಅಲ್ಲಿ ವಿಸ್ತಾರವಾಗಿ ಹಬ್ಬಿ ಸಣ್ಣ ಹೂಗಿಡಗಳನ್ನು ಒತ್ತರಿಸತೊಡಗಿತು. ಅದನ್ನು ಕೈಯಿಂದ ಕೀಳಿಸುವ ಕೆಲಸ ಅರಣ್ಯ ಇಲಾಖೆಯ ಪಾಲಿಗೆ ಬಂದಿತು. ಕುರಿಗಳನ್ನು ಹೊರಗಟ್ಟಿದ್ದೇ ಇದಕ್ಕೆ ಕಾರಣವೆಂದು ಕೆಲವು ವಿಜ್ಞಾನಿಗಳೂ, ಹಳೆಯ ಕುರಿದೊಡ್ಡಿಗಳ ಗೊಬ್ಬರಮಣ್ಣೂ ಕುಸಿದ ನೆಲವೂ ಆ ಗಿಡಕ್ಕೆ ಅನುಕೂಲವಾದವೆಂದು ಇನ್ನು ಕೆಲವರೂ ವಾದಿಸುತ್ತಾರೆ. ನನಗೆ ತೋರುವಂತೆ ಎರಡು ವಾದಗಳೂ ಕೊನೆಗೆ ಒಂದೇ ಪಾಠವನ್ನು ಹೇಳುತ್ತವೆ: ಹಿಂದೆ ಮಂದೆ ಎಲ್ಲಿ ಎಷ್ಟು ನಿಂತಿತ್ತು, ಈಗ ಏಕೆ ನಿಂತಿಲ್ಲ ಎಂಬುದನ್ನು ಬಿಟ್ಟು ಆ ಕಣಿವೆಯ ಇಂದಿನ ಸ್ಥಿತಿಯನ್ನು ಅರಿಯುವ ಮಾರ್ಗವೇ ಇಲ್ಲ.

ಹಿಮಾಲಯದ ಆಚೆಗೆ, ಟಿಬೆಟ್ಟಿನಲ್ಲಿ, ಇದೇ ಕಥೆ ಮಹತ್ತಾದ ಪ್ರಮಾಣದಲ್ಲಿ ನಡೆದಿದೆ. ಅಲ್ಲಿ ಸುಮಾರು 4,50,000 ಚದರ ಕಿಲೋಮೀಟರು ನೆಲವನ್ನು, ಎಂದರೆ ನಮ್ಮ ಕರ್ನಾಟಕದ ಎರಡರಷ್ಟಕ್ಕೂ ಮಿಕ್ಕ ವಿಸ್ತಾರವನ್ನು, ‘ಕೊಬ್ರೇಸಿಯಾ’ ಎಂಬ ಗಿಡವು ಕಂಬಳಿಯಂತೆ ಹೊದ್ದಿದೆ. ಇದೂ ಕೊನ್ನಾರಿಯ ಕುಟುಂಬದ್ದೇ. ಎತ್ತರ ಎರಡು ಬೆರಳನ್ನೂ ಮೀರದು. ಅದರ ಕೆಳಗೆ ಬೇರುಗಳು ಹೆಣೆದುಕೊಂಡ ದಪ್ಪನೆಯ ಮೆತ್ತೆ. ಯಾಕ್‌ಗಳ ಹಲ್ಲಿಗೆ ನಿಲುಕದಷ್ಟು ನೆಲಕ್ಕಂಟಿ ಬೆಳೆಯುವುದೇ ಅದರ ರಕ್ಷಣೆ. ಎತ್ತರದ ಹುಲ್ಲುಗಳನ್ನು ಯಾಕ್‌ಗಳು ತಿಂದು ಬೆಳಕಿಗೆ ದಾರಿ ಬಿಡುವುದೇ ಅದರ ಭಾಗ್ಯ. ಬೇಲಿ ಹಾಕಿ ದನಗಳನ್ನು ತಡೆದ ಕಡೆ ಎತ್ತರದ ಹುಲ್ಲುಗಳು ಮೇಲೆದ್ದು ಈ ಕುಳ್ಳು ಗಿಡ ಹಿಂಜರಿಯುವುದನ್ನು ಸಂಶೋಧಕರು ಕಂಡಿದ್ದಾರೆ. ಅತಿಯಾಗಿ ಮೇಯಿಸಿದ ಕಡೆ ಆ ಮೆತ್ತೆಯೇ ಬಿರಿದು ಕಿತ್ತುಬಂದು, ಕೆಳಗಿನ ಕರಿಮಣ್ಣು ಗಾಳಿಗೆ ಹಾರುತ್ತದೆ. ಸಾಲದುದಕ್ಕೆ, ಮರವಿಲ್ಲದ ಆ ಸೀಮೆಯಲ್ಲಿ ಒಲೆಗೆ ಬೆರಣಿಯೇ ಸೌದೆ. ನೆಲಕ್ಕೆ ಹಿಂದಿರುಗಬೇಕಾದ ಸಾರದ ಒಂದು ಪಾಲು ಹೊಗೆಯಾಗಿ ಹೋಗುತ್ತದೆ. ಮೊದಲು ಮಂದೆಗಳು ಋತುವಿಗನುಗುಣವಾಗಿ ದೂರದೂರ ಸಂಚರಿಸುತ್ತಿದ್ದವು. 1980ರ ದಶಕದಿಂದೀಚೆಗೆ ಹುಲ್ಲುಗಾವಲನ್ನು ಕುಟುಂಬಗಳಿಗೆ ಹಂಚಿ, ಮುಂದೆ ತಂತಿಬೇಲಿಯನ್ನೂ ಎಳೆದುದರಿಂದ ಮಂದೆಯ ಕಾಲಿಗೆ ಕಟ್ಟುಬಿದ್ದಿತು. ಒಂದೂರಿನಲ್ಲಿ ಹುಲ್ಲು ಕಡಮೆಯಾದರೆ ಮತ್ತೊಂದೂರಿಗೆ ನಡೆದುಹೋಗುವ ಸೌಕರ್ಯವೂ ಒಂದು ಬಗೆಯ ಸ್ಥೈರ್ಯವಾಗಿತ್ತೆಂಬುದು ಬೇಲಿ ಬಂದ ಮೇಲೆ ತಿಳಿಯಿತು.

ಇದರ ಮೇಲೆ ಈಗ ಭೂಮಿಯ ಶಾಖವೂ ಏರುತ್ತಿದೆ. ಟಿಬೆಟ್ ಪ್ರಸ್ಥಭೂಮಿಯ ಈಶಾನ್ಯದಲ್ಲಿರುವ ಹೈಬೇ ಎಂಬ ಸಂಶೋಧನಾ ಕೇಂದ್ರದಲ್ಲಿ ಕೃತಕವಾಗಿ ನೆಲವನ್ನು ಬೆಚ್ಚಗಿರಿಸಿ ಮಾಡಿದ ಪ್ರಯೋಗದಲ್ಲಿ, ಬೆಚ್ಚಗಾದ ತಾಕುಗಳ ಗಿಡಗಳು ಒಂದಿಳಿದಾಗ ಒಂದೇರುವ ತಮ್ಮ ಹಳೆಯ ಒಪ್ಪಂದವನ್ನು ಮರೆತು ಒಂದೇ ತಾಳಕ್ಕೆ ಕುಣಿಯತೊಡಗಿ, ಸಮುದಾಯದ ಸ್ಥೈರ್ಯವು ಕುಗ್ಗಿತೆಂದು 2017ರಲ್ಲಿ ವರದಿಯಾಯಿತು. ಆಕಾಶದ ಶಾಖವು ಒಬ್ಬ ದನಗಾಹಿಯ ಕೈಯಲ್ಲಿಲ್ಲ. ಮಂದೆಯ ಸಂಖ್ಯೆ ಅವನ ಕೈಯಲ್ಲಿದೆ. ಆಕಾಶವು ಚಂಚಲವಾದಷ್ಟೂ ನೆಲದ ಮೇಲಿನ ಕೈ ಹಗುರವಾಗಿರಬೇಕಾಗುತ್ತದೆ.

ಈಗ ಟೋರ್ಬೆಲ್ಲಿಗೆ ಹಿಂದಿರುಗೋಣ. ರಾಬರ್ಟ್ ನೆಟ್ಟಿಂಗ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞನು ಆ ಹಳ್ಳಿಯಲ್ಲಿದ್ದು ಅದರ ಹಳೆಯ ದಾಖಲೆಗಳನ್ನು ಓದಿ 1981ರಲ್ಲಿ ಗ್ರಂಥವೊಂದನ್ನು ಬರೆದನು. ಎಲಿನೋರ್ ಆಸ್ಟ್ರಮ್ ಎಂಬಾಕೆ 1990ರ ತನ್ನ ಗ್ರಂಥದಲ್ಲಿ ಅದನ್ನು ಜಗತ್ತಿನ ಮುಂದೆ ಮಾದರಿಯಾಗಿ ಇಟ್ಟಳು. ಎಲ್ಲರಿಗೂ ಸೇರಿದ ಹುಲ್ಲುಗಾವಲು ಎಲ್ಲರ ದುರಾಸೆಯಿಂದ ಹಾಳಾಗಿಯೇ ತೀರುವುದೆಂದು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ವಿದ್ವಾಂಸನು ಹೇಳಿದ ಮಾತಿಗೆ ಈ ಹಳ್ಳಿಯೇ ಪ್ರತ್ಯುತ್ತರವಾಯಿತು. ಆಸ್ಟ್ರಮ್‌ಳಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು. ಟೋರ್ಬೆಲ್ಲಿನವರು ಕಾಳಿನ ಹೊಲಗಳನ್ನೂ ಮೇವು ಕೊಯ್ಯುವ ತಾಕುಗಳನ್ನೂ ಸ್ವಂತಕ್ಕೆ ಇಟ್ಟುಕೊಂಡು, ಮೇಲಿನ ಹುಲ್ಲುಗಾವಲನ್ನು ಊರೊಟ್ಟಿಗೆ ಬಿಟ್ಟಿದ್ದರು. ಬೇಸಗೆಯ ಚೀಸನ್ನು ಕಳುಹಿಸಿದ ಹಸುಗಳ ಸಂಖ್ಯೆಗೆ ಸರಿಯಾಗಿ ಹಂಚಿಕೊಳ್ಳುತ್ತಿದ್ದರು. ಹೀಗಿರಲಾಗಿ ಹೆಚ್ಚು ಹಸು, ಹೆಚ್ಚು ಚೀಸು. ಆಸೆ ಹುಟ್ಟುವುದು ಸಹಜ. ಆ ಆಸೆಗೆ ಅವರು ಹಾಕಿದ ಮೂಗುದಾರವೇ ಚಳಿಗಾಲದ ಮೇವು. ಬೇಸಗೆಯ ಹುಲ್ಲುಗಾವಲು ಜುಲೈ ತಿಂಗಳಲ್ಲಿ ಕಣ್ಣುಕುಕ್ಕುವಷ್ಟು ಸಮೃದ್ಧವಾಗಿ ಕಂಡು ಯಾರನ್ನಾದರೂ ಮೋಸಗೊಳಿಸಬಲ್ಲದು. ಕೊಟ್ಟಿಗೆಯ ಅಟ್ಟದಲ್ಲಿರುವ ಒಣಹುಲ್ಲು ಮೋಸಗೊಳಿಸಲಾರದು. ಅತಿ ಕಠಿಣವಾದ ಕಾಲವನ್ನು ಅಳತೆಗೋಲಾಗಿಟ್ಟುಕೊಂಡು ಅತಿ ಸಮೃದ್ಧವಾದ ಕಾಲದ ಭೋಗವನ್ನು ನಿಯಮಿಸಿದ ಆ ರೈತರು ಸ್ಥೈರ್ಯವನ್ನು ಭಾಗಲಬ್ಧವಾಗಿ ಲೆಕ್ಕಹಾಕಿರಲಿಲ್ಲ. ಅದನ್ನು ಆಚರಣೆಯಲ್ಲಿ ತಂದಿದ್ದರು.

ಈ ವಿವೇಕವು ನಮಗೆ ಹೊಸದೇನಲ್ಲ. ಮೈಸೂರು ಸಂಸ್ಥಾನದ ಅಮೃತಮಹಲ್ ದನಗಳಿಗಾಗಿ ಕಾದಿರಿಸಿದ್ದ ಕಾವಲುಗಳನ್ನು ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿ, ಋತುವಿಗೆ ತಕ್ಕಂತೆ ದನಗಳನ್ನು ನಡೆಸುತ್ತಿದ್ದರು. ಆಲ್ಪ್ಸಿನ ಹಿಮಕ್ಕೂ ಚಿತ್ರದುರ್ಗದ ಬಿಸಿಲಿಗೂ ಸಂಬಂಧವಿಲ್ಲ. ಮಂದೆಗೂ ಹುಲ್ಲಿಗೂ ನಡುವೆ ಒಂದು ಎಣಿಕೆ ಇರಬೇಕೆಂಬ ತಿಳಿವಳಿಕೆಗೆ ಮಾತ್ರ ಸಂಬಂಧವಿದೆ. ಆ ಕಾವಲುಗಳ ಬಹುಭಾಗವು ಇಂದು ಬೇರೆ ಬೇರೆ ಕೆಲಸಗಳಿಗೆ ಹಂಚಿಹೋಗಿದೆ. ಕೇಳುಗರಲ್ಲಿ ಯಾರ ಊರಿನಲ್ಲಾದರೂ ಒಂದು ತುಂಡು ಗೋಮಾಳವೋ ಕಾವಲೋ ಇನ್ನೂ ಉಳಿದಿದ್ದರೆ ಅವರಲ್ಲಿ ನನ್ನದೊಂದು ಬಿನ್ನಹ: ಮಳೆ ಬಂದ ಮರುತಿಂಗಳು ಅದರ ಹಸುರನ್ನು ಕಂಡು ಸಂತೋಷಪಡಿರಿ, ಆದರೆ ಅದರ ಬೆಲೆಯನ್ನು ಕಟ್ಟಬೇಡಿರಿ. ಬೆಲೆ ಕಟ್ಟಬೇಕಾದರೆ ಏಪ್ರಿಲ್ ತಿಂಗಳಿನಲ್ಲಿ ಒಮ್ಮೆ ಅಲ್ಲಿಗೆ ಹೋಗಿ, ನೆಲದ ಮೇಲೆ ಇನ್ನೂ ಏನು ಉಳಿದಿದೆಯೆಂದು ನೋಡಿ ಬನ್ನಿರಿ.